ಶಿಕಿಯ ಬೆಳಗಿನ ಗಂಜಿ

ಈ ಸಲದ ಉಪನ್ಯಾಸ ಸಾಹಿತಿಯೊಬ್ಬರ ಊಟತಿಂಡಿಯ ಪ್ರೀತಿಯ ಬಗ್ಗೆ ಇರಲಿ ಎಂದು ನೀವು ಹೇಳಿದಿರಿ. ನಮ್ಮವರಲ್ಲೇ ಯಾರನ್ನಾದರೂ ಆರಿಸಿಕೊಳ್ಳುತ್ತೇನೆ ಎಂದು ಹಲವರು ಎಣಿಸಿರಬಹುದು. ದೋಸೆ, ಕಾಫಿ, ಕಡುಬಿನ ಸುತ್ತ ನಮ್ಮ ಸಾಹಿತ್ಯಲೋಕದಲ್ಲಿ ಕಥೆಗಳು ಬೇಕಾದಷ್ಟಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ಬಾಯಿಂದ ಬಾಯಿಗೆ ಬಂದವು. ಬೆಳಿಗ್ಗೆ ತಾನು ಏನು ತಿಂದೆ, ಎಷ್ಟು ತಿಂದೆ ಎಂಬುದನ್ನು ಅವತ್ತೇ, ತನ್ನ ಕೈಯಾರೆ ಬರೆದಿಟ್ಟ ದೊಡ್ಡ ಲೇಖಕನೊಬ್ಬ ನನಗೆ ಬೇಕಾಗಿದ್ದ. ಅಂಥವನು ಸಿಕ್ಕಿದ್ದು ಜಪಾನಿನಲ್ಲಿ. ಹೆಸರು ಮಸಾವೊಕಾ ಶಿಕಿ.

ಶಿಕಿ ಹುಟ್ಟಿದ್ದು 1867ರಲ್ಲಿ, ಶಿಕೊಕು ದ್ವೀಪದ ಮತ್ಸುಯಾಮಾ ಎಂಬ ಊರಿನಲ್ಲಿ. ತೀರಿಕೊಂಡದ್ದು 1902ರ ಸೆಪ್ಟೆಂಬರ್ 19ರಂದು, ಟೋಕಿಯೊದ ನೆಗಿಶಿ ಬಡಾವಣೆಯ ಪುಟ್ಟ ಬಾಡಿಗೆ ಮನೆಯಲ್ಲಿ. ಮೂವತ್ತೈದು ತುಂಬಿರಲಿಲ್ಲ. ಇಷ್ಟರೊಳಗೆ ಅವನು ಜಪಾನಿ ಕಾವ್ಯದ ದಿಕ್ಕನ್ನೇ ತಿರುಗಿಸಿದ್ದ. ಇವತ್ತು ನಾವು ಹೈಕು ಎನ್ನುವ ಮೂರು ಸಾಲಿನ ಪದ್ಯ ಒಂದು ಸ್ವತಂತ್ರ ಕಾವ್ಯಪ್ರಕಾರವಾಗಿ ನೆಲೆ ನಿಂತದ್ದು ಅವನಿಂದ. ಹಳೆಯ ಗುರುಪರಂಪರೆಗಳು ಸವೆಸಿದ್ದ ಮಾತುಗಳನ್ನು ಬಿಡಿ, ಕಣ್ಣೆದುರು ಇರುವುದನ್ನು ಇದ್ದ ಹಾಗೆ ಬರೆಯಿರಿ ಎಂದು ಅವನು ಕಿರಿಯರಿಗೆ ಹೇಳುತ್ತಿದ್ದ. ಈ ಪಾಠ ಅವನಿಗೆ ಬಂದದ್ದು ಚಿತ್ರಕಾರ ಗೆಳೆಯ ನಕಾಮುರಾ ಫುಸೆತ್ಸು ಅವರಿಂದ. ಪಾಶ್ಚಾತ್ಯ ರೀತಿಯ ಚಿತ್ರಕಲೆ ಕಲಿತವರು ಪೆನ್ಸಿಲ್ ಹಿಡಿದು ಹೊರಗೆ ಹೋಗಿ, ಕಂಡದ್ದನ್ನು ಕಂಡಂತೆ ಗೀರಿಕೊಂಡು ಬರುತ್ತಾರಲ್ಲ, ಆ ಪದ್ಧತಿಯನ್ನು ಅವನು ಪದ್ಯಕ್ಕೂ ಗದ್ಯಕ್ಕೂ ತಂದ.

1889ರಲ್ಲಿ ಕೆಮ್ಮಿನಲ್ಲಿ ರಕ್ತ ಬಂತು. ಕ್ಷಯ. 1896ರ ಹೊತ್ತಿಗೆ ರೋಗ ಬೆನ್ನುಮೂಳೆಗೆ ಇಳಿದಿದೆ ಎಂದು ವೈದ್ಯರು ಹೇಳಿದರು. ಮುಂದಿನ ವರ್ಷಗಳು ಹಾಸಿಗೆಯ ಮೇಲೆ. ಬೆನ್ನಿನಲ್ಲಿ ಕೀವು ಸುರಿಯುವ ತೂತುಗಳು, ದಿನಾ ಪಟ್ಟಿ ಬದಲಿಸುವಾಗಿನ ಕೂಗಾಟ, ಒಸಡಿನಲ್ಲೂ ಕೀವು. ಇಂಥ ಬಾಯಿಯಿಂದ ಅವನು ತಿಂದ. ಹೇಗೆ ತಿಂದ ಎಂಬುದೇ ನನ್ನ ಈ ಹೊತ್ತಿನ ವಿಷಯ.

1901ರ ಸೆಪ್ಟೆಂಬರ್ 2ರಂದು ಶಿಕಿ ಒಂದು ಖಾಸಗಿ ದಿನಚರಿ ಶುರುಮಾಡಿದ. ಹೆಸರು ‘ಗ್ಯೋಗಾ ಮನ್‌ರೊಕು’. ಮಲಗಿದಲ್ಲಿಂದ ಬರೆದ ಬಿಡಿ ಟಿಪ್ಪಣಿಗಳು ಎನ್ನಬಹುದು. ಪತ್ರಿಕೆಗೆಂದು ಬರೆದದ್ದಲ್ಲ. ಅದೇ ವರ್ಷ ಜನವರಿಯಿಂದ ಜುಲೈವರೆಗೆ ‘ನಿಪ್ಪೊನ್’ ಪತ್ರಿಕೆಯಲ್ಲಿ ಅವನ ಅಂಕಣ ಬಂದಿತ್ತು, ಮರುವರ್ಷ ಸಾಯುವ ಎರಡು ದಿನ ಮುಂಚಿನವರೆಗೂ ಮತ್ತೊಂದು ಅಂಕಣ ಬಂತು. ಅವುಗಳಲ್ಲಿ ಕಾವ್ಯವಿದೆ, ಚಿತ್ರಕಲೆ ಇದೆ, ಜಗಳವಿದೆ. ಈ ದಿನಚರಿಯಲ್ಲಿರುವುದು ಮುಖ್ಯವಾಗಿ ಊಟ.

ಮೊದಲ ದಿನದ ಪುಟವನ್ನೇ ನೋಡೋಣ. ಬೆಳಗಿನ ತಿಂಡಿ: ನಾಲ್ಕು ಬಟ್ಟಲು ಗಂಜಿ. ಅದಕ್ಕೆ ನಂಚಿಕೊಳ್ಳಲು ಹಾಜೆ ಎಂಬ ಸಣ್ಣ ಮೀನಿನ ತ್ಸುಕುದಾನಿ, ಅಂದರೆ ಸೋಯಾ ರಸ, ಸಕ್ಕರೆ ಹಾಕಿ ಕಪ್ಪಗಾಗುವವರೆಗೆ ಕುದಿಸಿ ಬತ್ತಿಸಿದ್ದು. ಜೊತೆಗೆ ಸಕ್ಕರೆಯಲ್ಲಿ ಹಾಕಿಟ್ಟ ಉಮೆಬೊಶಿ, ಅವರ ಹುಳಿಹಣ್ಣಿನ ಉಪ್ಪಿನಕಾಯಿ. ಮಧ್ಯಾಹ್ನ: ಮತ್ತೆ ನಾಲ್ಕು ಬಟ್ಟಲು ಗಂಜಿ, ಕತ್ಸುವೊ ಎಂಬ ಕಡಲಮೀನಿನ ಹಸಿ ಹೋಳುಗಳು ಒಬ್ಬರ ಪಾಲಿನಷ್ಟು, ಒಂದು ತಟ್ಟೆ ಸಿಹಿಗುಂಬಳ, ಅದೇ ತ್ಸುಕುದಾನಿ. ರಾತ್ರಿ: ಚಹಾದ ನೀರಿನಲ್ಲಿ ಬೇಯಿಸಿದ ಅನ್ನ ನಾಲ್ಕು ಬಟ್ಟಲು, ಬೇಯಿಸಿ ಅರೆ ಒಣಗಿಸಿದ ಮೀನು, ಒಂದು ತಟ್ಟೆ ಬದನೆಕಾಯಿ. ಇಷ್ಟೇ ಅಲ್ಲ. ಎರಡು ಗಂಟೆಯ ಮೇಲೆ ಕೋಕೋ ಬೆರೆಸಿದ ಹಾಲು ಒಂದು ಗೋ, ನಮ್ಮ ಲೆಕ್ಕದಲ್ಲಿ ಸುಮಾರು 180 ಮಿಲಿಲೀಟರ್. ಅದರೊಂದಿಗೆ ಅಕ್ಕಿಯ ಗರಿಗರಿ ಬಿಲ್ಲೆಗಳು, ಸಿಹಿ ಬನ್ನುಗಳು ಸೇರಿ ಹತ್ತರಷ್ಟು. ಮಧ್ಯಾಹ್ನದ ಊಟದ ಮೇಲೆ ಎರಡು ಮರಸೇಬು, ರಾತ್ರಿಯ ಊಟದ ಮೇಲೆ ಇನ್ನೊಂದು. ಕೊನೆಗೆ ಯಾವ ಸಂಕೋಚವೂ ಇಲ್ಲದೆ ಇನ್ನೊಂದು ಮಾತು: ಈಚೆಗೆ ತಿಂದದ್ದು ಹೆಚ್ಚಾಗಿ, ಊಟವಾದ ಮೇಲೆ ಯಾವಾಗಲೂ ವಾಂತಿಯಾಗುತ್ತದೆ.

ಎದ್ದು ಕೂರಲಾರದ ಮನುಷ್ಯನ ಒಂದು ದಿನದ ಆಹಾರ ಇದು. ಮೊದಲ ಸಲ ಓದಿದಾಗ ನನಗೆ ಗಾಬರಿಯಾಯಿತು. ಆಮೇಲೆ ಪುಟ ತಿರುವಿದಂತೆ ಮನಸ್ಸು ಅದಕ್ಕೆ ಹೊಂದಿಕೊಂಡಿತು, ಯಾಕೆಂದರೆ ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಬಟ್ಟಲು ಮೂರಾಗುತ್ತವೆ, ಮೀನು ಬದಲಾಗುತ್ತದೆ, ದ್ರಾಕ್ಷಿ ಬರುತ್ತದೆ, ಹಾವುಮೀನು ಬರುತ್ತದೆ. ಬೆಳಗಿನ ಗಂಜಿ ಮತ್ತೆ ಮತ್ತೆ ಬರುತ್ತದೆ.

ಈ ತಟ್ಟೆಯಲ್ಲಿ ಅವನ ಕಾಲವೂ ಕಾಣುತ್ತದೆ. ಗಂಜಿ, ಹುಳಿ ಉಪ್ಪಿನಕಾಯಿ, ಬತ್ತಿಸಿದ ಮೀನು ಹಳೆಯ ಜಪಾನಿನವು. ಹಾಲು, ಕೋಕೋ, ಬನ್ನು ಅವನು ಬದುಕಿದ್ದ ಮೇಜಿ ಕಾಲದಲ್ಲಿ ಮನೆಗಳನ್ನು ಹೊಕ್ಕವು. ಕೆಂಪು ಕಾಳಿನ ಸಿಹಿ ಹೂರಣ ತುಂಬಿದ ಬನ್ನನ್ನು ಗಿಂಜಾದ ಕಿಮುರಾಯಾ ಅಂಗಡಿ ತಯಾರಿಸಿದ್ದು 1874ರಲ್ಲಿ. ಶಿಕಿಗೆ ಆಗ ಏಳು ವರ್ಷ. ಅವನೂ ಸಿಹಿ ಬನ್ನೂ ಒಟ್ಟಿಗೆ ಬೆಳೆದವರು. ದಿನಚರಿಯ ಒಂದು ಪುಟದಲ್ಲಿ ಅವನು ಆ ಬನ್ನುಗಳ ಚಿತ್ರ ಬರೆದಿದ್ದಾನೆ. ‘ಬನ್ನು ಕೆಲವು’ ಎಂದು ನಾನು ಬರೆದಲ್ಲಿ ಸಾಮಾನ್ಯವಾಗಿ ಈ ಬಗೆಗಳಲ್ಲಿ ಒಂದೊಂದನ್ನು ತಿಂದಿರುತ್ತೇನೆ ಎಂಬ ವಿವರಣೆ; ಒಂದೊಂದರ ಪಕ್ಕದಲ್ಲೂ ಟಿಪ್ಪಣಿ. ಇದರೊಳಗೆ ಹೂರಣವಿದೆ, ಇದು ಒಣಗಿ ಪುಡಿಯಾಗುವಂಥದ್ದು, ಇದು ಮೆದು. ಸಾಲಾಗಿ ಕೂತ ಆ ಬನ್ನುಗಳನ್ನು ನೋಡುವಾಗ, ಹೂವನ್ನೋ ಹಣ್ಣನ್ನೋ ಬರೆಯುವಾಗ ಅವನಿಗಿದ್ದ ಶ್ರದ್ಧೆಯೇ ಇಲ್ಲೂ ಇದೆ ಎನ್ನುವುದು ತಿಳಿಯುತ್ತದೆ.

ಶಿಕಿಯ ಈ ಹಸಿವು ಕಾಯಿಲೆಯಿಂದ ಬಂದದ್ದಲ್ಲ. 1901ರಲ್ಲೇ ಅವನು ಹಣ್ಣುಗಳ ಬಗ್ಗೆ ‘ಕುದಾಮೊನೊ’ ಎಂಬ ಪ್ರಬಂಧ ಬರೆದ. ವಿದ್ಯಾರ್ಥಿಯಾಗಿದ್ದಾಗ ಎರಡು ತಿಂಗಳ ಖರ್ಚಿನ ಹಣ ಕೈಗೆ ಬಂದರೆ ಮೊದಲು ದನದ ಮಾಂಸದ ಊಟ, ಆಮೇಲೆ ಹಣ್ಣು. ದೊಡ್ಡ ಮರಸೇಬಾದರೆ ಆರೇಳು, ಪರ್ಸಿಮನ್ ಆದರೆ ಏಳೆಂಟು, ಕಿತ್ತಳೆಯಾದರೆ ಹದಿನೈದಿಪ್ಪತ್ತು, ಒಂದೇ ಸಲಕ್ಕೆ. ಕಾಲ್ನಡಿಗೆಯ ಪ್ರವಾಸದಲ್ಲಿ ದಾರಿಬದಿಯ ಹಿಪ್ಪುನೇರಳೆ ಹಣ್ಣನ್ನು ಕಿತ್ತು ಕಿತ್ತು ತಿಂದದ್ದಕ್ಕೇ ಆ ಪ್ರಬಂಧದಲ್ಲಿ ಒಂದು ಭಾಗ ಮೀಸಲು. 1895ರಲ್ಲಿ ಚೀನಾ ಯುದ್ಧದ ವರದಿಗೆ ಹೋಗಿ, ಹಡಗಿನಲ್ಲಿ ರಕ್ತ ಕಾರುತ್ತ ಮರಳಿ, ಕೋಬೆಯ ಆಸ್ಪತ್ರೆಯಲ್ಲಿ ಮಲಗಿದಾಗ ಏನೂ ಸೇರುತ್ತಿರಲಿಲ್ಲ. ಆಗ ಶಿಷ್ಯರಾದ ಕ್ಯೋಶಿ ಮತ್ತು ಹೆಕಿಗೊತೊ ಬೆಳಿಗ್ಗೆ ಎದ್ದು ಸ್ಟ್ರಾಬೆರಿ ತೋಟಕ್ಕೆ ಹೋಗಿ ಹಣ್ಣು ತರುತ್ತಿದ್ದರು. ಈ ಇಬ್ಬರೂ ಮುಂದೆ ಹೈಕುವಿನ ಎರಡು ಬೇರೆ ಬೇರೆ ದಾರಿಗಳಿಗೆ ನಾಯಕರಾಗಿ ಪರಸ್ಪರ ದೂರವಾದರು. ಆ ಬೆಳಗುಗಳಲ್ಲಿ ಮಾತ್ರ ಇಬ್ಬರೂ ಅದೇ ಹಾಸಿಗೆಗೆ ಹಣ್ಣು ತಂದವರು.

ಆಸ್ಪತ್ರೆಯಿಂದ ಬಂದ ಶಿಕಿ ಆ ವರ್ಷದ ಶರತ್ಕಾಲದಲ್ಲಿ ಮತ್ಸುಯಾಮಾಗೆ ಹೋಗಿ, ಅಲ್ಲಿ ಮೇಷ್ಟರಾಗಿದ್ದ ಗೆಳೆಯನ ಮನೆಯಲ್ಲಿ ಉಳಿದ. ಆ ಗೆಳೆಯ ನತ್ಸುಮೆ ಸೊಸೆಕಿ, ಮುಂದೆ ಜಪಾನಿನ ಮಹಾ ಕಾದಂಬರಿಕಾರನಾದವನು. ಶಿಕಿ ತೀರಿಕೊಂಡ ಮೇಲೆ ಸೊಸೆಕಿ ಆ ದಿನಗಳನ್ನು ನೆನೆದಿದ್ದಾನೆ. ಶಿಕಿ ಕೇಳದೆ ಗೀಳದೆ ಹೊರಗಿನಿಂದ ಸುಟ್ಟ ಹಾವುಮೀನು ತರಿಸುತ್ತಿದ್ದ, ಬಾಯಿ ಚಪ್ಪರಿಸುತ್ತ ತಿನ್ನುತ್ತಿದ್ದ. ಹೊರಡುವಾಗ, ಅದರ ಬಾಕಿಯನ್ನು ನೀನೇ ಕೊಟ್ಟುಬಿಡು ಎಂದ. ಸಾಲದ್ದಕ್ಕೆ ಹತ್ತು ಯೆನ್ನಷ್ಟು ಸಾಲವನ್ನೂ ತೆಗೆದುಕೊಂಡು ಹೊರಟವನು, ಅದೆಲ್ಲ ಖರ್ಚಾಯಿತು ಎಂದು ನಾರಾದಿಂದ ಪತ್ರ ಬರೆದ.

ಸೊಸೆಕಿಯ ದುಡ್ಡು ಖರ್ಚಾದ ಆ ನಾರಾದಲ್ಲಿ ಜಪಾನಿ ಕಾವ್ಯಕ್ಕೆ ಒಂದು ಲಾಭವಾಯಿತು. ಇಳಿದುಕೊಂಡ ತಂಗುಮನೆಯಲ್ಲಿ ರಾತ್ರಿ ಊಟವಾದ ಮೇಲೆ ಶಿಕಿ ಗೊಶೊ ಜಾತಿಯ ಪರ್ಸಿಮನ್ ಕೇಳಿದ. ಕೆಲಸದ ಹುಡುಗಿ ದೊಡ್ಡ ಬೋಗುಣಿಯಲ್ಲಿ ರಾಶಿ ಹಣ್ಣು ತಂದು, ಎದುರು ಕೂತು ಸಿಪ್ಪೆ ಹೆರೆದುಕೊಟ್ಟಳು. ತಿನ್ನುತ್ತಿರುವಾಗ ತೊದೈಜಿ ದೇವಾಲಯದ ಘಂಟೆ ಬಾರಿಸಿತು. ಅವಳು ಕಾಗದದ ಬಾಗಿಲು ಸರಿಸಿ, ಅಗೋ ಅಲ್ಲಿ ಎಂದು ತೋರಿಸಿದಳು. ಈ ಪ್ರವಾಸದಲ್ಲಿ ಹುಟ್ಟಿದ್ದು ಪರ್ಸಿಮನ್ ಮತ್ತು ಹೊರ್ಯೂಜಿ ದೇವಾಲಯದ ಘಂಟೆಯ ಹೈಕು. ಜಪಾನಿನಲ್ಲಿ ಅದು ಶಾಲೆಯ ಮಕ್ಕಳ ಬಾಯಲ್ಲೂ ಇದೆ. ನಾರಾದಂಥ ಪುರಾತನ ರಾಜಧಾನಿಯನ್ನು ಹಿಂದಿನ ಕವಿಗಳು ಎಷ್ಟೋ ಹಾಡಿದ್ದರು, ಆದರೆ ಪರ್ಸಿಮನ್ ಹಣ್ಣನ್ನು ನಾರಾದ ಪಕ್ಕ ಇಡಲು ಯಾರಿಗೂ ತೋಚಿರಲಿಲ್ಲ, ಅದು ನನಗೆ ಸಿಕ್ಕಿತಲ್ಲ ಎಂದು ಶಿಕಿ ‘ಕುದಾಮೊನೊ’ದಲ್ಲಿ ಸಂತೋಷಪಟ್ಟಿದ್ದಾನೆ. ಸೊಸೆಕಿಯ ‘ಸನ್‌ಶಿರೊ’ ಕಾದಂಬರಿಯ ಒಂದು ಪಾತ್ರವೂ, ಶಿಕಿ ಒಮ್ಮೆ ದೊಡ್ಡ ದೊಡ್ಡ ಪರ್ಸಿಮನ್ ಹದಿನಾರು ತಿಂದರೂ ಏನೂ ಆಗಲಿಲ್ಲ ಎಂದು ನೆನೆಯುತ್ತದೆ.

ಇಲ್ಲಿಗೆ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಶಿಕಿಯ ತಿಂಡಿಪೋತತನವನ್ನು ಒಂದು ಸ್ವಾರಸ್ಯದ ಪ್ರಸಂಗವಾಗಿ ಹೇಳಿ ಮುಗಿಸುವುದು ರೂಢಿ. ನನಗೆ ಅದು ಒಪ್ಪಿಗೆಯಿಲ್ಲ. ಬೆಳಿಗ್ಗೆ ನಾಲ್ಕು ಬಟ್ಟಲು ಗಂಜಿ ಎಂಬ ಸಾಲೂ ನಾರಾದ ಹೈಕುವೂ ಒಂದೇ ಕೈಯ ಕೆಲಸ. ಇದ್ದದ್ದನ್ನು ಇದ್ದ ಹಾಗೆ ಬರೆ ಎಂದು ಲೋಕಕ್ಕೆ ಹೇಳಿದವನಿಗೆ ಕೊನೆಗೆ ಉಳಿದದ್ದು ಆರಡಿ ಉದ್ದದ ಹಾಸಿಗೆ, ಗಾಜಿನ ಬಾಗಿಲಿನಾಚೆ ಒಂದು ತುಂಡು ತೋಟ, ಮತ್ತೆ ಮೂರು ಹೊತ್ತು ಎದುರಿಗೆ ಬರುವ ತಟ್ಟೆ. ಅವನು ಆ ತಟ್ಟೆಯನ್ನೇ ಬರೆದ. ವಿಶೇಷಣವಿಲ್ಲ, ‘ಆಹಾ’ ಇಲ್ಲ. ಎಷ್ಟು ಬಟ್ಟಲು, ಯಾವ ಮೀನು, ಎಷ್ಟು ಹಣ್ಣು, ಆಮೇಲೆ ವಾಂತಿ. ರುಚಿಯ ಬಗ್ಗೆ ಬರೆಯುವ ನಮ್ಮಲ್ಲಿ ಹಲವರು ರುಚಿಯನ್ನು ಹೊಗಳುತ್ತೇವೆ, ಹೊಟ್ಟೆಯ ಸಂಗತಿಯನ್ನು ಮರೆಮಾಡುತ್ತೇವೆ. ಶಿಕಿ ಎರಡನ್ನೂ ಒಂದೇ ಸಾಲಿನಲ್ಲಿಟ್ಟ. ಅದಕ್ಕೇ ಆ ಪಟ್ಟಿಯನ್ನು ಓದುವಾಗ ಅವನ ಹಸಿವು ನಮಗೆ ತಟ್ಟುತ್ತದೆ.

ದಿನಚರಿ ಶುರುವಾದ 1901ರಲ್ಲೇ ನಕಾಎ ಚೊಮಿನ್ ಎಂಬ ದೊಡ್ಡ ಚಿಂತಕರು, ಗಂಟಲ ಕ್ಯಾನ್ಸರಿನಿಂದ ಇನ್ನು ಒಂದೂವರೆ ವರ್ಷ ಮಾತ್ರ ಆಯುಷ್ಯ ಎಂದು ವೈದ್ಯರಿಂದ ಕೇಳಿ, ಅದನ್ನೇ ಹೆಸರಾಗಿಸಿ ಪುಸ್ತಕ ಬರೆದಿದ್ದರು. ಪುಸ್ತಕ ಮನೆಮಾತಾಯಿತು. ಶಿಕಿಗೆ ಅದು ಹಿಡಿಸಲಿಲ್ಲ. ಸಾವಿಗೆ ಒಪ್ಪಿಕೊಂಡರೆ ಸಾಲದು, ಇರುವಷ್ಟು ದಿನ ಏನನ್ನಾದರೂ ಸವಿಯುವುದನ್ನು ಕಲಿಯಬೇಕು ಎಂಬುದು ಅವನ ನಿಲುವು. ಮರುವರ್ಷ ಪತ್ರಿಕೆಯ ಅಂಕಣದಲ್ಲಿ ಇನ್ನೊಂದು ಮಾತು ಬರೆದ: ಜ್ಞಾನೋದಯ ಎಂದರೆ ಯಾವ ಸ್ಥಿತಿಯಲ್ಲೂ ಶಾಂತವಾಗಿ ಸಾಯುವುದು ಎಂದುಕೊಂಡಿದ್ದೆ, ಅದು ತಪ್ಪು, ಯಾವ ಸ್ಥಿತಿಯಲ್ಲೂ ಶಾಂತವಾಗಿ ಬದುಕಿರುವುದೇ ಅದು. ಈ ಮಾತನ್ನು ಅವನ ತತ್ತ್ವವೆಂದು ಎಲ್ಲರೂ ಎತ್ತಿ ಹೇಳುತ್ತಾರೆ. ಆ ತತ್ತ್ವಕ್ಕೆ ದಿನನಿತ್ಯದ ಆಧಾರವಾಗಿದ್ದದ್ದು ಗಂಜಿ ಮತ್ತು ಮರಸೇಬು ಎಂಬುದನ್ನು ನಾನು ಸೇರಿಸುತ್ತೇನೆ.

ಹಾಗೆಂದು ಅವನನ್ನು ಸ್ಥಿತಪ್ರಜ್ಞನನ್ನಾಗಿ ಮಾಡಿ ಕೂರಿಸಬಾರದು. ಆ ದಿನಚರಿಯಲ್ಲೇ ಅಕ್ಟೋಬರ್ 13ರ ಪುಟದಲ್ಲಿ, ಮನೆಯಲ್ಲಿ ಒಬ್ಬನೇ ಇದ್ದ ಸ್ವಲ್ಪ ಹೊತ್ತು ಸತ್ತುಬಿಡಬೇಕೆಂಬ ಯೋಚನೆ ಹೇಗೆ ತನ್ನನ್ನು ಎಳೆಯಿತು ಎಂಬುದನ್ನೂ ಅಷ್ಟೇ ನೇರವಾಗಿ ಬರೆದಿದ್ದಾನೆ. ತಾಯಿ ಹಿಂದಿರುಗಿದಳು, ಆ ಗಳಿಗೆ ದಾಟಿತು.

ತಾಯಿಯ ಹೆಸರು ಯಾಎ, ತಂಗಿಯ ಹೆಸರು ರಿತ್ಸು. ಇಲ್ಲಿ ಸ್ವಲ್ಪ ನಿಲ್ಲಬೇಕು. ನಾಲ್ಕು ಬಟ್ಟಲು ಗಂಜಿಯನ್ನು ಬೇಯಿಸಿದವರು ಯಾರು? ದಿನಚರಿಯ ಪಟ್ಟಿಗಳಲ್ಲಿ ಆ ಪ್ರಶ್ನೆಗೆ ಉತ್ತರವಿಲ್ಲ, ಸೆಪ್ಟೆಂಬರ್ 20 ಬರುವವರೆಗೆ. ಆ ದಿನ ಶಿಕಿ ತಂಗಿಯ ಮೇಲೆ ಹರಿಹಾಯುತ್ತಾನೆ. ಇವಳು ಕಲ್ಲು ಮರದಂಥವಳು, ಕರ್ತವ್ಯವೆಂದು ಆರೈಕೆ ಮಾಡುತ್ತಾಳೆಯೇ ಹೊರತು ಮರುಕವಿಲ್ಲ. ಅವನು ಕೊಡುವ ಉದಾಹರಣೆಯೂ ತಿಂಡಿಯದ್ದೇ. ದಾಂಗೊ, ಅಂದರೆ ಅಕ್ಕಿಹಿಟ್ಟಿನ ಉಂಡೆ, ತಿನ್ನಬೇಕೆನಿಸುತ್ತಿದೆ ಎಂದು ರೋಗಿ ಎಷ್ಟು ಸಲ ಹೇಳಿದರೂ ಅವಳಿಗೆ ತಟ್ಟುವುದಿಲ್ಲ. ಮರುಕವಿರುವವರು ಓಡಿಹೋಗಿ ತರುತ್ತಿದ್ದರು. ಇವಳಿಗೆ, ಹೋಗಿ ದಾಂಗೊ ತಾ ಎಂದು ಅಪ್ಪಣೆಯನ್ನೇ ಮಾಡಬೇಕು.

ಓದುವಾಗ ಸಿಟ್ಟು ಬರುತ್ತದೆ, ಬರಬೇಕು. ದಿನಾ ಅಣ್ಣನ ಬೆನ್ನಿನ ಕೀವಿನ ಪಟ್ಟಿ ಬಿಚ್ಚಿ ಕಟ್ಟುತ್ತಿದ್ದವಳು ಅವಳು. ಎರಡು ಮದುವೆಗಳು ಮುರಿದು ಬಂದು, ಮೂವತ್ತರ ಹರೆಯವನ್ನು ಈ ಹಾಸಿಗೆಯ ಪಕ್ಕದಲ್ಲಿ ಕಳೆದವಳು. ಆದರೆ ಶಿಕಿ ಮರುದಿನ ಮತ್ತೆ ಬರೆಯುತ್ತಾನೆ. ಇವಳು ಒಂದು ದಿನ ಮಲಗಿದರೆ ಈ ಮನೆಯ ಚಕ್ರ ನಿಲ್ಲುತ್ತದೆ, ನಾನು ಸತ್ತಂತೆಯೇ. ಇವಳು ನನ್ನ ದಾದಿ, ಅಡುಗೆಯವಳು, ಮನೆಯ ಲೆಕ್ಕ ನೋಡುವವಳು, ನನ್ನ ಬರವಣಿಗೆಯ ಸಹಾಯಕಿ. ದಾದಿಗೆ ಕೊಡಬೇಕಾದ್ದರ ಹತ್ತರಲ್ಲೊಂದು ಪಾಲೂ ಇವಳಿಗೆ ಖರ್ಚಾಗುವುದಿಲ್ಲ. ಊಟಕ್ಕೆ ಒಂದು ತರಕಾರಿಯೋ ಉಪ್ಪಿನಕಾಯಿಯೋ ಇದ್ದರೆ ಮುಗಿಯಿತು, ತನಗಾಗಿ ಮೀನೋ ಮಾಂಸವೋ ತರಬೇಕೆಂಬುದು ಇವಳ ಕನಸಿನಲ್ಲೂ ಇಲ್ಲ.

ಅಣ್ಣನಿಗೆ ಹೆಚ್ಚುಕಡಿಮೆ ದಿನಾ ಹಸಿ ಮೀನಿನ ಹೋಳು. ತಂಗಿಗೆ ಉಪ್ಪಿನಕಾಯಿ. ಮನೆಗೆ ಬರುತ್ತಿದ್ದ ಹಣ ಪತ್ರಿಕೆಯಿಂದ ತಿಂಗಳಿಗೆ 40 ಯೆನ್, ‘ಹೊತೊತೊಗಿಸು’ ಹೈಕು ಮಾಸಿಕದಿಂದ 10 ಯೆನ್. ಈ ಸಂಗತಿಯನ್ನು ನಮಗೆ ತಿಳಿಸಿದವನು ಶಿಕಿಯೇ. ತನ್ನ ಕೋಪವನ್ನು ಬರೆದವನು ತನ್ನ ಋಣವನ್ನೂ ಬರೆದ, ಹಿಂದಿನ ಪುಟ ಹರಿಯಲಿಲ್ಲ. ಎರಡೂ ಪುಟಗಳನ್ನು ಇಟ್ಟ ಈ ಪ್ರಾಮಾಣಿಕತೆ ಅವನ ಹೈಕುಗಳಿಗಿಂತ ಕಡಿಮೆಯದ್ದೆಂದು ನನಗೆ ಅನಿಸಿಲ್ಲ.

ಅಕ್ಟೋಬರ್ 27ರಂದು ಆ ಮನೆಯಲ್ಲಿ ಒಂದು ಊಟ ನಡೆಯಿತು. ಹಳೆಯ ಪಂಚಾಂಗದ ಪ್ರಕಾರ ಮರುದಿನ ಶಿಕಿಯ ಹುಟ್ಟುಹಬ್ಬ, ಅದನ್ನು ಒಂದು ದಿನ ಮುಂಚೆಯೇ ಮಾಡಿದರು. ಓಕಾನೊ ಎಂಬ ಉಪಾಹಾರ ಗೃಹದಿಂದ ಇಬ್ಬರಿಗಾಗುವ ಊಟ ತರಿಸಿ ಮೂವರೂ ಹಂಚಿಕೊಂಡರು. ಐದು ಬಗೆಯ ಪದಾರ್ಥ, ಒಂದೊಂದನ್ನೂ ಶಿಕಿ ಹೆಸರಿಟ್ಟು ಬರೆದುಕೊಂಡಿದ್ದಾನೆ. ಆರೈಕೆ ಮಾಡಿದವರಿಗೆ ಕೃತಜ್ಞತೆ ಹೇಳಲು ಈ ಊಟ. ಹೋಟೆಲಿನ ಅಡುಗೆ ಎಲ್ಲ ಕಡೆಯೂ ಒಂದೇ ತರಹ, ಅಂಥ ರುಚಿಯೇನಲ್ಲ ಎಂದು ಜನ ಹೇಳುತ್ತಾರೆ. ಮಲಗಿದಲ್ಲೇ ಮೀನಿನ ಹೋಳು ತಿನ್ನುವ ನನ್ನಂಥವನಿಗೆ ಅದು ಅಪರೂಪ, ರುಚಿ. ಅಡುಗೆಮನೆಯ ಮೂಲೆಯಲ್ಲಿ ಬರೀ ಉಪ್ಪಿನಕಾಯಿ ತಿನ್ನುವ ತಾಯಿಗೂ ತಂಗಿಗೂ ಇನ್ನೂ ಅಪರೂಪ, ಇನ್ನೂ ರುಚಿ. ಹೀಗೆ ಅವನ ಟಿಪ್ಪಣಿ. ಇದೇ ಬಹುಶಃ ನನ್ನ ಕೊನೆಯ ಹುಟ್ಟುಹಬ್ಬದ ಊಟ ಎಂದೂ ಬರೆದ. ಅದು ನಿಜವಾಯಿತು.

ದಿನಚರಿಯ ಅಷ್ಟೂ ಪಟ್ಟಿಗಳಲ್ಲಿ ನನಗೆ ಹೆಚ್ಚು ಬೇಕಾದದ್ದು ಈ ಊಟ. ಬೇರೆ ದಿನಗಳಲ್ಲಿ ಅವನು ತನ್ನ ತಟ್ಟೆಯನ್ನು ನೋಡುತ್ತಾನೆ. ಇಲ್ಲಿ ಕತ್ತು ಹೊರಳಿಸಿ ಪಕ್ಕದವರ ತಟ್ಟೆಯನ್ನು ನೋಡಿದ.

ಹತ್ತು ದಿನದ ಬಳಿಕ, ನವೆಂಬರ್ 6ರಂದು, ಲಂಡನ್ನಿನಲ್ಲಿ ಓದುತ್ತಿದ್ದ ಸೊಸೆಕಿಗೆ ಶಿಕಿ ಒಂದು ಪತ್ರ ಬರೆದ. ನನ್ನ ಕಥೆ ಮುಗಿಯಿತು, ದಿನಾ ಕಾರಣವಿಲ್ಲದೆ ಗೋಳೋ ಎಂದು ಅಳುತ್ತೇನೆ ಎಂದು ಶುರುವಾಗುವ ಪತ್ರ. ಹಿಂದೆ ನೀನು ಲಂಡನ್ ಬಗ್ಗೆ ಬರೆದದ್ದು ತುಂಬಾ ಚೆನ್ನಾಗಿತ್ತು, ಕಣ್ಣು ತೆರೆದಿರುವಾಗಲೇ ಇನ್ನೊಂದು ಬರೆದು ಕಳಿಸು ಎಂದು ಕೇಳುತ್ತಾನೆ. ಅದೇ ಪತ್ರದಲ್ಲಿ, ಲಂಡನ್ನಿನ ಸುಟ್ಟ ಗೆಣಸಿನ ರುಚಿ ಹೇಗಿದೆ, ತಿಳಿಯಬೇಕು ಎಂಬ ಮಾತೂ ಇದೆ. ಸೊಸೆಕಿಗೆ ಬರೆಯಲಾಗಲಿಲ್ಲ. ಓದಿನ ಒತ್ತಡ, ಮನಸ್ಸಿನ ಅಸ್ವಸ್ಥತೆ. ಗೆಳೆಯ ಸತ್ತ ಸುದ್ದಿ ಅವನಿಗೆ ಲಂಡನ್ನಿನಲ್ಲೇ ಮುಟ್ಟಿತು. ನಾಲ್ಕು ವರ್ಷದ ಮೇಲೆ, ತನ್ನ ಬೆಕ್ಕಿನ ಕಾದಂಬರಿಯ ನಡುವಣ ಸಂಪುಟದ ಮುನ್ನುಡಿಯಲ್ಲಿ ಸೊಸೆಕಿ ಈ ಪತ್ರವನ್ನು ಎತ್ತಿ ಆಡಿ, ಉತ್ತರ ಬರೆಯದೆ ಹೋದೆನೆಂದು ನೊಂದುಕೊಂಡ.

ಶಿಕಿಯ ಕೊನೆಯ ಮೂರು ಹೈಕುಗಳು ಅಂಗಳದ ಚಪ್ಪರದಲ್ಲಿ ಬಿಟ್ಟಿದ್ದ ಹೆಚಿಮಾ ಬಳ್ಳಿಯ ಬಗ್ಗೆ. ನಮ್ಮಲ್ಲಿ ಅದೇ ತುಪ್ಪದ ಹೀರೆ. ಅದರ ಬಳ್ಳಿಯ ರಸ ಕಫಕ್ಕೆ ಔಷಧಿ ಎಂದು ಅಲ್ಲಿನವರು ನಂಬಿದ್ದರು. ಸಾಯುವ ಹಿಂದಿನ ದಿನ, ಹಲಗೆಗೆ ಅಂಟಿಸಿದ ಕಾಗದದ ಮೇಲೆ ಅವನು ಆ ಮೂರನ್ನು ಬರೆದ. ಅವನ ಪುಣ್ಯತಿಥಿಯನ್ನು ಜಪಾನಿನವರು ಇಂದಿಗೂ ಹೀರೆಯ ಹೆಸರಿನಿಂದಲೇ ಕರೆಯುತ್ತಾರೆ.

ರಿತ್ಸು ಏನಾದಳು ಎಂದು ನೀವು ಕೇಳಬಹುದು. ಅಣ್ಣ ಹೋದ ಮೇಲೆ ಅವಳು ಮಹಿಳೆಯರ ವೃತ್ತಿಶಾಲೆಗೆ ಸೇರಿ ಹೊಲಿಗೆ ಕಲಿತು, ಅಲ್ಲೇ ಶಿಕ್ಷಕಿಯಾದಳು. ತಾಯಿಯನ್ನು 1927ರವರೆಗೆ ನೋಡಿಕೊಂಡಳು. ನೆಗಿಶಿಯ ಮನೆಯನ್ನೂ ಅಣ್ಣನ ಕಾಗದಪತ್ರಗಳನ್ನೂ ಕಾಪಾಡಿ 1941ರಲ್ಲಿ ತೀರಿಕೊಂಡಳು. ಆ ಮನೆ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು, ಯುದ್ಧ ಮುಗಿದ ಮೇಲೆ ಅದೇ ಮಾದರಿಯಲ್ಲಿ ಮತ್ತೆ ಕಟ್ಟಿದರು. ಈಗ ಅದು ಶಿಕಿ ಸ್ಮಾರಕ.

ಈ ಸಭೆಯಲ್ಲಿ ಅನುವಾದಕರಿದ್ದೀರಿ, ಜಪಾನಿ ಕಲಿಯುತ್ತಿರುವ ಯುವಕರೂ ಇದ್ದೀರಿ. ನಿಮ್ಮಲ್ಲಿ ಒಂದು ವಿನಂತಿ. ಶಿಕಿಯ ಹೈಕುಗಳನ್ನು ಕನ್ನಡಕ್ಕೆ ತನ್ನಿ, ಅದರ ಜೊತೆಗೆ ಈ ದಿನಚರಿಯನ್ನೂ ಪೂರ್ತಿ ತನ್ನಿ. ಆಯ್ದ ಭಾಗ ಮಾಡುವವರ ಕತ್ತರಿ ಮೊದಲು ಬೀಳುವುದು ಇಂಥ ಊಟದ ಪಟ್ಟಿಗಳ ಮೇಲೆ. ದಯವಿಟ್ಟು ಒಂದು ಬಟ್ಟಲು ಗಂಜಿಯನ್ನೂ ಬಿಡಬೇಡಿ, ರಿತ್ಸುವಿನ ಎರಡು ದಿನದ ಪುಟಗಳನ್ನಂತೂ ಬಿಡಲೇಬೇಡಿ.